ಹನಿ ನೀರಿನಲ್ಲಿ ಲೋಕ ಕಂಡ ಬಟ್ಟೆ ವ್ಯಾಪಾರಿ

ಅಜ್ಜಿಯ ಕಫದ ಸ್ಲೈಡನ್ನು ನಾನೇ ನೋಡಬೇಕಾಗಿ ಬರುತ್ತದೆ ಎಂದು ಯಾವತ್ತೂ ಅಂದುಕೊಂಡಿರಲಿಲ್ಲ. ಆಗ ಡಿಎಂಎಲ್‌ಟಿ ಮುಗಿಯುವ ಹಂತದಲ್ಲಿತ್ತು. ಪಿರಿಯಾಪಟ್ಟಣದ ಹತ್ತಿರದ ನಮ್ಮ ಹಳ್ಳಿಯಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಆಸ್ಪತ್ರೆಯೊಂದರ ಲ್ಯಾಬಿಗೆ ತರಬೇತಿಗೆ ಹೋಗುತ್ತಿದ್ದೆ. ಅಜ್ಜಿಗೆ ಮೂರು ವಾರದಿಂದ ಕೆಮ್ಮು ನಿಂತಿರಲಿಲ್ಲ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಹೊಗೆ ಕುಡಿದು ಹೀಗಾಗಿದೆ ಎಂದು ಮನೆಯಲ್ಲಿ ಎಲ್ಲರೂ ಸುಮ್ಮನಿದ್ದರು. ಸಂಜೆ ಹೊತ್ತು ಜ್ವರ ಬರತೊಡಗಿದಾಗ ನಾನೇ ಹಟ ಮಾಡಿ ಕರೆದುಕೊಂಡು ಹೋದೆ. ಬಣ್ಣ ಹಾಕಿದ ಸ್ಲೈಡಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟು, ಸಾವಿರ ಪಟ್ಟು ಹಿಗ್ಗಿಸಿ ನೋಡಿದರೆ ನೀಲಿ ಹಿನ್ನೆಲೆಯಲ್ಲಿ ತೆಳ್ಳಗಿನ ಕೆಂಪು ಕಡ್ಡಿಗಳು. ಕ್ಷಯದ ಬ್ಯಾಕ್ಟೀರಿಯಾ.

ನಿಜ ಹೇಳುತ್ತೇನೆ, ಮೊದಲ ಕ್ಷಣ ನನಗೆ ಅನಿಸಿದ್ದು ಭಯ ಅಲ್ಲ. ಎಷ್ಟು ಚೆನ್ನಾಗಿದೆ ಎಂದು ಅನಿಸಿತು. ಮರುಕ್ಷಣವೇ ನಾಚಿಕೆಯೂ ಆಯಿತು. ನಮ್ಮದು ಕ್ರೈಸ್ತ ಮನೆ. ಸಂಜೆ ದೀಪ ಹಚ್ಚಿ ಜಪಸರ ಹಿಡಿದು ಕೂರುವ ಅಜ್ಜಿಯ ಪಕ್ಕದಲ್ಲೇ ನಾನು ಬೆಳೆದದ್ದು. ಹೂವು, ಹಕ್ಕಿ, ಕಣ್ಣು, ಕೈ ಎಲ್ಲವನ್ನೂ ದೇವರು ಯೋಚಿಸಿ ಮಾಡಿದ್ದಾನೆ ಎಂದು ಚಿಕ್ಕಂದಿನಿಂದ ಕೇಳಿದ್ದೆ. ಹಾಗಾದರೆ ಅಜ್ಜಿಯ ಶ್ವಾಸಕೋಶದಲ್ಲಿ ಕೂತಿರುವ ಈ ಕೆಂಪು ಕಡ್ಡಿಯನ್ನು ಯೋಚಿಸಿ ಮಾಡಿದವರು ಯಾರು? ಈ ಪ್ರಶ್ನೆಯನ್ನು ಮನೆಯಲ್ಲಿ ಕೇಳುವ ಧೈರ್ಯ ಇರಲಿಲ್ಲ. ಲ್ಯಾಬಿನ ಮೇಡಂ ಹತ್ತಿರ ಹೇಳಿಕೊಂಡೆ. ಅವರು ಉತ್ತರ ಕೊಡಲಿಲ್ಲ. ಇಂಥ ಜೀವಿಗಳನ್ನು ಮೊಟ್ಟಮೊದಲು ಕಂಡ ಮನುಷ್ಯನ ಬಗ್ಗೆ ಓದು, ಅವನೂ ದೇವರನ್ನು ನಂಬಿದವನೇ ಎಂದರು.

ಆ ಮನುಷ್ಯನ ಹೆಸರು ಆಂಟೋನಿ ವಾನ್ ಲ್ಯೂವೆನ್‌ಹಾಕ್. ಪಿಯುಸಿ ಜೀವಶಾಸ್ತ್ರದಲ್ಲಿ ಒಂದು ಅಂಕದ ಪ್ರಶ್ನೆಗೆ ನಾವೆಲ್ಲ ಬಾಯಿಪಾಠ ಮಾಡಿದ ಹೆಸರು. ಆಂಟೋನಿ ಅಂದರೆ ನಮ್ಮ ಅಂತೋಣಿಯೇ ಎಂದು ಹೇಳಿದಾಗ ಅಜ್ಜಿಯ ಮುಖ ಅರಳಿತು. ಪ್ರತಿ ವರ್ಷ ಜೂನ್ 13ರಂದು ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ತಪ್ಪದೆ ಹೋಗುವವಳು ಅವಳು. ಈ ಆಂಟೋನಿ ಸಂತನಲ್ಲ, ಪಾದ್ರಿಯೂ ಅಲ್ಲ, ಬಟ್ಟೆ ಅಂಗಡಿ ಇಟ್ಟವನು ಎಂದು ವಿವರಿಸಬೇಕಾಯಿತು.

ಅವನು ಹುಟ್ಟಿದ್ದು 1632ರ ಅಕ್ಟೋಬರ್ 24ರಂದು, ಈಗಿನ ನೆದರ್ಲೆಂಡ್ಸ್‌ನ ಡೆಲ್ಫ್ಟ್ ಎಂಬ ಪಟ್ಟಣದಲ್ಲಿ. ಅಪ್ಪ ಬುಟ್ಟಿ ಹೆಣೆಯುವವನು. ಆಂಟೋನಿಗೆ ಐದಾರು ವರ್ಷವಾಗುವಷ್ಟರಲ್ಲಿ ಅಪ್ಪ ತೀರಿಕೊಂಡ. ಹುಡುಗ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಆ ಕಾಲದಲ್ಲಿ ವಿದ್ವಾಂಸರು ಬರೆಯುತ್ತಿದ್ದುದು ಲ್ಯಾಟಿನ್‌ನಲ್ಲಿ, ಅವನಿಗೆ ಬರುತ್ತಿದ್ದುದು ಮನೆಮಾತಾದ ಡಚ್ ಒಂದೇ. ಇಂಗ್ಲಿಷ್ ಬಾರದೆ ಸಂದರ್ಶನದ ಕೋಣೆಯ ಹೊರಗೆ ಬೆವರಿದ ನಮ್ಮಂಥವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. 16ನೇ ವಯಸ್ಸಿಗೆ ಆಮ್‌ಸ್ಟರ್‌ಡ್ಯಾಂನ ಬಟ್ಟೆ ವ್ಯಾಪಾರಿಯೊಬ್ಬನ ಬಳಿ ಕೆಲಸ ಕಲಿಯಲು ಸೇರಿ, ಲೆಕ್ಕ ಬರೆಯುವುದರಲ್ಲಿ ಪಳಗಿದ. 1654ರಲ್ಲಿ ಊರಿಗೆ ಮರಳಿ ಬಾರ್ಬರಾ ಎಂಬಾಕೆಯನ್ನು ಮದುವೆಯಾಗಿ ಸ್ವಂತ ಅಂಗಡಿ ತೆರೆದ.

ಮನೆಯಲ್ಲಿ ಮಾತ್ರ ಸಾವಿನ ಮೇಲೆ ಸಾವು. ಹುಟ್ಟಿದ ಐದು ಮಕ್ಕಳಲ್ಲಿ ನಾಲ್ಕು ಎಳವೆಯಲ್ಲೇ ಹೋದವು. ಉಳಿದದ್ದು ಮರಿಯಾ ಎಂಬ ಮಗಳೊಬ್ಬಳೇ. 1666ರಲ್ಲಿ ಹೆಂಡತಿಯೂ ತೀರಿಕೊಂಡಳು. ಮುಂದೆ ಪಾದ್ರಿಯೊಬ್ಬರ ಮಗಳನ್ನು ಅವನು ಎರಡನೇ ಮದುವೆಯಾದ, ಆಕೆಯೂ ಅವನಿಗಿಂತ ಮೊದಲೇ ಹೋದಳು. ಅವನ ಬದುಕಿನ ಕಥೆ ಓದುವಾಗ ನಾನು ಮತ್ತೆ ಮತ್ತೆ ಹಿಂದೆ ತಿರುಗಿ ನೋಡುವುದು ಈ ಪುಟವನ್ನೇ. ಜೀವಲೋಕದ ಅಂದವನ್ನು ಕಂಡು ದೇವರನ್ನು ಹೊಗಳಿದವನು ಸುಖದಲ್ಲಿ ತೇಲಿದವನಲ್ಲ.

1660ರಲ್ಲಿ ಅವನಿಗೆ ನಗರಾಡಳಿತದಲ್ಲಿ ಒಂದು ಸರ್ಕಾರಿ ಕೆಲಸ ಸಿಕ್ಕಿತು. ಅಧಿಕಾರಿಗಳು ಸಭೆ ಸೇರುವ ಕೋಣೆಯ ಬಾಗಿಲು ತೆಗೆಯುವುದು, ಚೊಕ್ಕಟವಾಗಿ ಇಡಿಸುವುದು, ಚಳಿಗೆ ಬೆಂಕಿ ಹಾಕಿಸುವುದು. ನಮ್ಮ ಲೆಕ್ಕದಲ್ಲಿ ದೊಡ್ಡ ಹುದ್ದೆಯೇನಲ್ಲ. ಆದರೆ ಖಾಯಂ ಸಂಬಳ, ಕೈಯಲ್ಲಿ ಬಿಡುವು. ಆಮೇಲೆ ಭೂಮಾಪಕನ ಪರೀಕ್ಷೆ ಪಾಸು ಮಾಡಿದ. ಊರಿಗೆ ಬರುವ ದ್ರಾಕ್ಷಾರಸದ ಪೀಪಾಯಿಗಳನ್ನು ಅಳೆಯುವ ಹೊಣೆಯೂ ಅವನ ಪಾಲಿಗೆ ಬಂತು. ಬಟ್ಟೆಯ ನೂಲೆಳೆ ಎಣಿಸಲು ವ್ಯಾಪಾರಿಗಳು ಭೂತಗನ್ನಡಿ ಬಳಸುತ್ತಿದ್ದರು. ಅಲ್ಲಿಂದ ಶುರುವಾದ ಚಪಲ ಅವನನ್ನು ಕೊನೆಯವರೆಗೂ ಬಿಡಲಿಲ್ಲ.

ಅವನು ಮಾಡಿದ ಸೂಕ್ಷ್ಮದರ್ಶಕವನ್ನು ಕಂಡರೆ ನಾವು ನಕ್ಕೇವು. ಬೆರಳುದ್ದದ ಲೋಹದ ತಗಡು, ಅದರ ತೂತಿನಲ್ಲಿ ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಒಂದೇ ಮಸೂರ, ನೋಡಬೇಕಾದ ವಸ್ತುವನ್ನು ಸಿಕ್ಕಿಸಲು ಒಂದು ಮೊನೆ, ಹಿಂದೆ ಮುಂದೆ ಸರಿಸಲು ತಿರುಪು. ಕಣ್ಣಿಗೆ ಒತ್ತಿಕೊಂಡು ಬೆಳಕಿನ ಕಡೆ ಹಿಡಿಯಬೇಕು. ಅಷ್ಟರಲ್ಲೇ ಅವನು ಇನ್ನೂರು ಪಟ್ಟಿಗೂ ಹೆಚ್ಚು ಹಿಗ್ಗಿಸಿ ನೋಡಿದ. ಜೀವಮಾನದಲ್ಲಿ 500ಕ್ಕೂ ಹೆಚ್ಚು ಮಸೂರಗಳನ್ನು ಕೈಯಾರೆ ತಯಾರಿಸಿದ. ಅತ್ಯುತ್ತಮ ಮಸೂರಗಳ ಗುಟ್ಟನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ.

1673ರಲ್ಲಿ ಡೆಲ್ಫ್ಟ್‌ನ ವೈದ್ಯ ರೈನಿಯರ್ ಡಿ ಗ್ರಾಫ್ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ಇವನನ್ನು ಪರಿಚಯಿಸಿದ. ಬೂಷ್ಟು, ಜೇನುಹುಳದ ಮುಳ್ಳು, ಹೇನು ಇವುಗಳ ವಿವರ ಇವನ ಮೊದಲ ಪತ್ರದಲ್ಲಿತ್ತು. ಅಲ್ಲಿಂದ ಮುಂದೆ 50 ವರ್ಷ, ಸುಮಾರು 190 ಪತ್ರಗಳು. ಎಲ್ಲವೂ ಆಡುಮಾತಿನ ಡಚ್‌ನಲ್ಲಿ. ಲಂಡನ್ನಿನವರೇ ಅನುವಾದ ಮಾಡಿಸಿಕೊಂಡು ಓದಿದರು.

1674ರಲ್ಲಿ ಊರ ಹತ್ತಿರದ ಕೆರೆಯೊಂದರ ನೀರು ತಂದು ನೋಡಿದ. ಬೇಸಿಗೆಯಲ್ಲಿ ಆ ನೀರು ಹಸಿರಾಗುವುದು ಇಬ್ಬನಿಯಿಂದ ಎಂದು ಊರಿನವರ ನಂಬಿಕೆ. ಇವನಿಗೆ ಕಂಡದ್ದು ಹಸಿರು ಎಳೆಗಳು ಮತ್ತು ಅವುಗಳ ನಡುವೆ ಓಡಾಡುವ ಪುಟಾಣಿ ಜೀವಿಗಳು. ಎರಡು ವರ್ಷದ ಮೇಲೆ ಕಾಳುಮೆಣಸಿಗೆ ಖಾರ ಎಲ್ಲಿಂದ ಬರುತ್ತದೆ ಎಂಬ ಕುತೂಹಲ ಹುಟ್ಟಿತು. ನಮ್ಮ ಪಕ್ಕದ ಕೊಡಗಿನ ತೋಟಗಳಲ್ಲಿ ಬಳ್ಳಿಗೆ ಜೋತುಬೀಳುತ್ತದಲ್ಲ, ಅದೇ ಮೆಣಸು. ನಾಲಿಗೆ ಚುಚ್ಚುವ ಸಣ್ಣ ಮುಳ್ಳುಗಳು ಅದರಲ್ಲಿರಬೇಕು ಎಂದು ಊಹಿಸಿ ನೀರಿನಲ್ಲಿ ನೆನೆಹಾಕಿದ. ಮುಳ್ಳು ಸಿಗಲಿಲ್ಲ. ಕೆರೆಯ ಜೀವಿಗಳಿಗಿಂತಲೂ ಎಷ್ಟೋ ಸಣ್ಣವು ಆ ನೀರಿನಲ್ಲಿ ಕಿಕ್ಕಿರಿದು ಹರಿದಾಡುತ್ತಿದ್ದವು. ಮನುಷ್ಯನ ಕಣ್ಣಿಗೆ ಬ್ಯಾಕ್ಟೀರಿಯಾ ಮೊದಲು ಬಿದ್ದದ್ದು ಹೀಗೆ.

1676ರ ಅಕ್ಟೋಬರಿನಲ್ಲಿ ಅವನು ಬರೆದ ಪತ್ರವನ್ನು ಲಂಡನ್ನಿನ ವಿದ್ವಾಂಸರು ಸುಲಭಕ್ಕೆ ನಂಬಲಿಲ್ಲ. ಅವರ ಮೊದಲ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಓದದ ಬಟ್ಟೆ ವ್ಯಾಪಾರಿ ಕನಸು ಕಂಡಿರಬೇಕು ಎಂದುಕೊಂಡವರೂ ಇದ್ದಿರಬಹುದು. ಆಗ ಅವನು ಏನು ಮಾಡಿದ ಎಂಬುದು ಮುಖ್ಯ. ಕೋಪಿಸಿಕೊಂಡು ಸುಮ್ಮನಾಗಲಿಲ್ಲ, ದೇವರೇ ತನಗೆ ತೋರಿಸಿದ ಎಂದು ಹೇಳಿ ಬಾಯಿ ಮುಚ್ಚಿಸಲೂ ಇಲ್ಲ. ಪಾದ್ರಿಗಳೂ ಸೇರಿದಂತೆ ಎಂಟು ಮಂದಿ ಗೌರವಸ್ಥರನ್ನು ಕರೆದು, ಅವರ ಕಣ್ಣಿಂದಲೇ ನೋಡಿಸಿ, ಅವರಿಂದ ಬರೆಸಿ ಲಂಡನ್ನಿಗೆ ಕಳಿಸಿದ. ಒಂದು ಹನಿಯಲ್ಲಿ ಎಷ್ಟು ಜೀವಿಗಳಿವೆ ಎಂದು ಲೆಕ್ಕ ಹಾಕಿದ. ಮರಳಿನ ಕಣ, ಕೂದಲೆಳೆಗಳ ಜೊತೆ ಹೋಲಿಸಿ ಅವುಗಳ ಗಾತ್ರ ತಿಳಿಸಿದ. 1677ರ ನವೆಂಬರಿನಲ್ಲಿ ರಾಬರ್ಟ್ ಹುಕ್ ತಾನೇ ಮೆಣಸಿನ ನೀರು ಮಾಡಿ ನೋಡಿ ನಿಜ ಎಂದು ಒಪ್ಪಿದ. 1680ರಲ್ಲಿ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿತು. ಪದವಿ ಇಲ್ಲದವನಿಗೆ ಬಂದ ದೊಡ್ಡ ಗೌರವ ಅದು. 1698ರಲ್ಲಿ ರಷ್ಯಾದ ದೊರೆ ಪೀಟರ್ ಡೆಲ್ಫ್ಟ್‌ಗೆ ಬಂದಾಗ ಇವನನ್ನು ಕರೆಸಿಕೊಂಡು, ಹಾವುಮೀನಿನ ಬಾಲದಲ್ಲಿ ರಕ್ತ ಹರಿಯುವುದನ್ನು ಮಸೂರದಲ್ಲಿ ನೋಡಿದ.

ಅವನ ನಂಬಿಕೆಗೂ ನೋಟಕ್ಕೂ ಇದ್ದ ನಂಟು ನನಗೆ ಹೊಳೆದದ್ದು ನುಸಿಯ ವಿಚಾರ ಓದುವಾಗ. ಆ ಕಾಲದ ಯುರೋಪಿನಲ್ಲಿ ಕಾಳಿನ ಹುಳು ಕಾಳಿನಿಂದಲೇ ಹುಟ್ಟುತ್ತದೆ, ಚಿಗಟ ಧೂಳಿನಿಂದ ಹುಟ್ಟುತ್ತದೆ, ಹಾವುಮೀನು ಇಬ್ಬನಿಯಿಂದ ಹುಟ್ಟುತ್ತದೆ ಎಂಬ ಮಾತನ್ನು ಓದಿದವರೂ ನಂಬುತ್ತಿದ್ದರು. ಲ್ಯೂವೆನ್‌ಹಾಕ್ ಒಪ್ಪಲಿಲ್ಲ. ಚಿಗಟದ ಕಾಲಿನ ಕೀಲು, ಮೈಮೇಲಿನ ಕೂದಲು, ಬಾಯಿಯ ಸೂಜಿ ಇವನ್ನು ಕಂಡವನಿಗೆ ಇಷ್ಟು ಅಚ್ಚುಕಟ್ಟಾದ ಜೀವಿ ಕಸದಿಂದ ತಾನಾಗಿ ಎದ್ದುಬಂತು ಎನ್ನುವುದು ನಗೆಪಾಟಲಾಗಿ ಕಂಡಿತು. ಸೃಷ್ಟಿಕರ್ತನ ವಿವೇಕ ಆನೆಯಲ್ಲಿ ಇರುವಷ್ಟೇ ಚಿಗಟದಲ್ಲೂ ಇದೆ, ಆದ್ದರಿಂದ ಚಿಗಟಕ್ಕೂ ಅಪ್ಪ ಅಮ್ಮ ಇರಲೇಬೇಕು ಎಂಬುದು ಅವನ ತರ್ಕ. ಅವನು ಬೆಳೆದ ಡಚ್ ಪ್ರಾಟೆಸ್ಟಂಟ್ ಸಭೆಯ 1561ರ ವಿಶ್ವಾಸ ಪ್ರಮಾಣದಲ್ಲೇ ಲೋಕವನ್ನು ದೇವರನ್ನು ತಿಳಿಸುವ ಪುಸ್ತಕಕ್ಕೆ ಹೋಲಿಸಲಾಗಿದೆ. ಅವನು ಆ ಪುಸ್ತಕದ ಅತಿ ಸಣ್ಣ ಅಕ್ಷರಗಳನ್ನು ಓದಲು ಕೂತವನು.

ಆದರೆ ತರ್ಕ ಹೇಳಿ ಕೈ ತೊಳೆದುಕೊಳ್ಳಲಿಲ್ಲ. ಕಾಳಿನ ಹುಳುಗಳನ್ನು ಸಾಕಿ, ಅವು ಮೊಟ್ಟೆಯಿಂದಲೇ ಬರುತ್ತವೆ ಎಂದು ತೋರಿಸಿದ. ಚಿಗಟದ ಮೊಟ್ಟೆ, ಮರಿಹುಳ, ಗೂಡು ಎಲ್ಲ ಹಂತಗಳನ್ನೂ ಗುರುತಿಸಿದ. ಹೇನು ಎಷ್ಟು ಮೊಟ್ಟೆ ಇಡುತ್ತದೆ ಎಂದು ತಿಳಿಯಲು ತನ್ನದೇ ಕಾಲುಚೀಲದೊಳಗೆ ಹೇನು ಬಿಟ್ಟುಕೊಂಡು ದಿನಗಟ್ಟಲೆ ಓಡಾಡಿದ. ಇದನ್ನು ಕೇಳಿ ಅಜ್ಜಿ ಕೆಮ್ಮು ಬರುವಷ್ಟು ನಕ್ಕಳು.

ನಕ್ಕರೂ ನುಸಿಯ ವಿಷಯದಲ್ಲಿ ಅವಳು ಜಪ್ಪಯ್ಯ ಅನ್ನಲಿಲ್ಲ. ಹೆಸರುಕಾಳಿಗೆ ಹುಳು ಹೊರಗಿನಿಂದ ಬರುವುದಿಲ್ಲ, ಒಳಗೇ ಹುಟ್ಟುತ್ತದೆ, ಅದಕ್ಕೇ ಬಿಸಿಲಿಗೆ ಹಾಕಿ ಬೇವಿನ ಸೊಪ್ಪು ಸೇರಿಸಿಡುವುದು ಎಂಬುದು ಅವಳ ವಾದ. ತೋರಿಸಿಯೇ ಬಿಡೋಣ ಎಂದು ಆರಿಸಿದ ಕಾಳನ್ನು ಸೀಸೆಗೆ ತುಂಬಿ ಬಿಗಿಯಾಗಿ ಬಟ್ಟೆ ಕಟ್ಟಿಟ್ಟೆ. ಕೆಲವು ವಾರ ಕಳೆದು ನೋಡಿದರೆ ಸೀಸೆಯೊಳಗೆ ಹುಳು! ಅಜ್ಜಿ ಗೆದ್ದಳು. ನನಗೆ ಅವಮಾನವಾಯಿತು. ಮತ್ತೆ ಓದಿದಾಗ ತಿಳಿಯಿತು, ಹೊಲದಲ್ಲಿರುವಾಗಲೇ ಕಾಯಿಯ ಮೇಲೆ ಹುಳು ಮೊಟ್ಟೆ ಇಟ್ಟಿರುತ್ತದೆ, ಮರಿ ಕಾಳಿನೊಳಗೆ ಕೊರೆದು ಕೂತಿರುತ್ತದೆ. ಎರಡನೇ ಸಲ ಕಾಳನ್ನು ಬಾಣಲೆಯಲ್ಲಿ ಹುರಿದು, ಆರಿಸಿ, ಅದೇ ರೀತಿ ಕಟ್ಟಿಟ್ಟೆ. ಹುಳು ಬರಲಿಲ್ಲ. ಅಜ್ಜಿ ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಹುರಿದ ಕಾಳಿಗೆ ರುಚಿ ಇಲ್ಲದ್ದಕ್ಕೆ ಹುಳು ಬಂದಿಲ್ಲ ಎಂದಳು. ಅದಕ್ಕೆ ಇನ್ನೊಂದು ಪ್ರಯೋಗ ಬೇಕು. ಲ್ಯೂವೆನ್‌ಹಾಕ್ ಪಟ್ಟ ಪಾಡು ನನಗೆ ಅವತ್ತು ಅರ್ಥವಾಯಿತು.

ಅವನ ನಂತರ ಈ ವಾದ ಬಹಳ ದೂರ ನಡೆದಿದೆ. 1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ, ಗಡಿಯಾರ ಕಂಡರೆ ಅದನ್ನು ಮಾಡಿದವನೊಬ್ಬ ಇದ್ದಾನೆ ಎನ್ನುವಂತೆ ಜೀವಿಗಳ ರಚನೆ ಕಂಡರೂ ಒಬ್ಬ ರಚನೆಕಾರ ಇದ್ದಾನೆ ಎಂದು ಪುಸ್ತಕ ಬರೆದ. ಪೇಲಿಯನ್ನು ಮೆಚ್ಚಿ ಓದಿದ ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಬೇರೆ ದಾರಿ ತೋರಿಸಿದ. ತಲೆಮಾರಿನಿಂದ ತಲೆಮಾರಿಗೆ ಆಗುವ ಸಣ್ಣ ಸಣ್ಣ ಬದಲಾವಣೆಗಳಲ್ಲಿ ಬದುಕಿಗೆ ನೆರವಾದವು ಉಳಿದು, ಕಾಲಾಂತರದಲ್ಲಿ ಕಣ್ಣಿನಂಥ ಅಂಗವೂ ರೂಪುಗೊಳ್ಳಬಹುದು ಎಂದ. 1990ರ ದಶಕದಲ್ಲಿ ಅಮೆರಿಕದಲ್ಲಿ ಈ ಚರ್ಚೆ ಮತ್ತೆ ಎದ್ದಾಗ ಅದರ ನಡುವೆ ನಿಂತದ್ದು ಬ್ಯಾಕ್ಟೀರಿಯಾದ ಬಾಲ. ಮೋಟಾರಿನಂತೆ ಗಿರಗಿರ ತಿರುಗುವ ಆ ಬಾಲದ ಒಂದು ಭಾಗ ತೆಗೆದರೂ ಅದು ಕೆಲಸ ಮಾಡದು, ಹಾಗಾಗಿ ಅದು ಯೋಜಿತ ರಚನೆ ಎಂದು ಕೆಲವರು ವಾದಿಸಿದರು. ಬಹುತೇಕ ಜೀವವಿಜ್ಞಾನಿಗಳು ಒಪ್ಪಲಿಲ್ಲ. ಅದರ ಭಾಗಗಳನ್ನು ಹೋಲುವ ರಚನೆಗಳು ಬೇರೆ ಕೆಲಸ ಮಾಡುತ್ತಿರುವುದನ್ನು ತೋರಿಸಿದರು. 2005ರಲ್ಲಿ ಪೆನ್ಸಿಲ್ವೇನಿಯಾದ ನ್ಯಾಯಾಲಯವೊಂದು ಈ ವಾದ ವಿಜ್ಞಾನವಲ್ಲ, ಸರ್ಕಾರಿ ಶಾಲೆಯಲ್ಲಿ ಅದನ್ನು ವಿಜ್ಞಾನವೆಂದು ಕಲಿಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಮೆಣಸಿನ ನೀರಿನಲ್ಲಿ ಓಡಾಡುವ ಜೀವಿಗಳನ್ನು ಮೊದಲು ಕಂಡವನಿಗೆ ಅವು ಮುಂದೊಂದು ದಿನ ಕೋರ್ಟು ಹತ್ತುತ್ತವೆ ಎಂದು ಗೊತ್ತಿರಲಿಲ್ಲ.

ಇದನ್ನೆಲ್ಲ ಓದಿದ ಮೇಲೂ ನಾನು ದೇವರನ್ನು ಬಿಟ್ಟಿಲ್ಲ. ಬಟಾಣಿ ಗಿಡಗಳಿಂದ ಅನುವಂಶೀಯತೆಯ ನಿಯಮ ಕಂಡುಕೊಂಡ ಮೆಂಡೆಲ್ ಕ್ರೈಸ್ತ ಸನ್ಯಾಸಿ. ಕಾವೇರಿಯ ಆಚೆಗಿನ ಹಾಸನ ಜಿಲ್ಲೆಯ ಸಸ್ಯಗಳ ಬಗ್ಗೆ 1976ರಲ್ಲಿ ಬಂದ ದೊಡ್ಡ ಗ್ರಂಥದ ಸಂಪಾದಕರಲ್ಲಿ ಒಬ್ಬರಾದ ಸಿಸಿಲ್ ಸಲ್ಡಾನ್ಹಾ ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಪಾಠ ಮಾಡಿದ ಜೆಸ್ವಿಟ್ ಪಾದ್ರಿ. ನಂಬಿಕೆ ಇರುವವರು ಲೋಕವನ್ನು ಎಣಿಸಿ, ಅಳೆದು, ಹೆಸರಿಟ್ಟು ನೋಡಬಹುದು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಆದರೆ ನನ್ನ ಕೆಂಪು ಕಡ್ಡಿಯ ಪ್ರಶ್ನೆ ಹಾಗೇ ಉಳಿಯಿತು.

ಆ ಪ್ರಶ್ನೆಗೆ ಲ್ಯೂವೆನ್‌ಹಾಕ್ ಬಳಿಯೂ ಉತ್ತರವಿಲ್ಲ. 1683ರಲ್ಲಿ ಅವನು ಹಲ್ಲಿನ ಕೊಳೆಯಲ್ಲೂ ಜೀವಿಗಳನ್ನು ಕಂಡ. ಒಬ್ಬ ಮನುಷ್ಯನ ಬಾಯಲ್ಲಿ ಇಷ್ಟೊಂದು ಇವೆಯೇ ಎಂದು ಬೆರಗಾದ. ಇಂಥವೇ ಜೀವಿಗಳು ರೋಗ ತರುತ್ತವೆ ಎಂದು ಅವನ ಕಾಲಕ್ಕೆ ತಿಳಿದಿರಲಿಲ್ಲ. ಅವನ ನಾಲ್ಕು ಮಕ್ಕಳನ್ನು ಕೊಂಡೊಯ್ದದ್ದು ಯಾವ ಕಾಯಿಲೆಯೋ. ತಾನು ಮೆಚ್ಚಿ ನೋಡಿದ ಲೋಕದಲ್ಲೇ ಅದರ ಕಾರಣ ಇದ್ದಿರಬಹುದು ಎಂಬ ಯೋಚನೆ ಅವನಿಗೆ ಬರುವ ಹಾಗೇ ಇರಲಿಲ್ಲ. ಕ್ಷಯದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಕ್ ಜಗತ್ತಿಗೆ ತಿಳಿಸಿದ್ದು 1882ರ ಮಾರ್ಚ್ 24ರಂದು, ಮೆಣಸಿನ ನೀರಿನ ಪತ್ರಕ್ಕೆ 200 ವರ್ಷ ದಾಟಿದ ಮೇಲೆ. ಅದಕ್ಕೆ ಕೆಲಸ ಮಾಡುವ ಔಷಧ ಬಂದದ್ದು ಇನ್ನೂ 60 ವರ್ಷ ಕಳೆದು.

ನನಗೆ ಈಗ ತಿಳಿದಿರುವುದು ಇಷ್ಟೇ. ಈ ಜೀವಿ ಸುಂದರವಾಗಿದೆ, ದೇವರ ಕೆಲಸ ಎಂದು ಹೇಳಿ ಅವನು ಮಸೂರ ಕೆಳಗಿಟ್ಟಿದ್ದರೆ ಕಾಕ್‌ಗೆ ದಾರಿ ತೆರೆಯುತ್ತಿರಲಿಲ್ಲ. ರೋಗವೂ ದೇವರ ಇಚ್ಛೆ ಎಂದು ಹೇಳಿ ನಾವು ಅಜ್ಜಿಯನ್ನು ಮನೆಯಲ್ಲೇ ಮಲಗಿಸಿದ್ದರೆ ಆ ಸ್ಲೈಡೂ ಇರುತ್ತಿರಲಿಲ್ಲ. ಅವನ ನಂಬಿಕೆ ಅವನನ್ನು ನೋಡಲು ಕೂರಿಸಿತು. ನೋಡಿದ್ದೇನು ಎಂದು ಹೇಳುವಾಗ ಮಾತ್ರ ಅವನು ಅಳತೆ, ಲೆಕ್ಕ, ಸಾಕ್ಷಿಗಳನ್ನೇ ಮುಂದಿಟ್ಟ. ನಂಬಿಕೆಯನ್ನು ಸಾಕ್ಷಿಯ ಜಾಗದಲ್ಲಿ ಕೂರಿಸಲಿಲ್ಲ. ಪರೀಕ್ಷೆ ವರದಿಗೆ ಸಹಿ ಹಾಕುವ ಕೆಲಸ ಹುಡುಕುತ್ತಿರುವ ನನಗೆ ಇದಕ್ಕಿಂತ ದೊಡ್ಡ ಪಾಠ ಸಿಕ್ಕಿಲ್ಲ.

1723ರ ಆಗಸ್ಟ್ 26ರಂದು, 90 ದಾಟಿದ ವಯಸ್ಸಿನಲ್ಲಿ ಅವನು ತೀರಿಕೊಂಡ. ಹಾಸಿಗೆ ಹಿಡಿದಾಗಲೂ ತನ್ನ ಕಾಯಿಲೆಯ ಲಕ್ಷಣಗಳನ್ನು ವಿವರಿಸಿ ಲಂಡನ್ನಿಗೆ ಬರೆಸುತ್ತಿದ್ದ. ಮೊದಲೇ ಹೇಳಿಟ್ಟಿದ್ದಂತೆ 26 ಬೆಳ್ಳಿಯ ಸೂಕ್ಷ್ಮದರ್ಶಕಗಳ ಪೆಟ್ಟಿಗೆಯನ್ನು ಮರಿಯಾ ರಾಯಲ್ ಸೊಸೈಟಿಗೆ ಕಳಿಸಿಕೊಟ್ಟಳು. ಡೆಲ್ಫ್ಟ್‌ನ ಹಳೆಯ ಚರ್ಚಿನಲ್ಲಿ ಅವನ ಸಮಾಧಿ ಇದೆ.

ಅಜ್ಜಿ ಆರು ತಿಂಗಳು ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದಳು. ಮಾತ್ರೆ ನುಂಗುವ ಮೊದಲು ಶಿಲುಬೆಯ ಗುರುತು ಹಾಕಿಕೊಳ್ಳುವುದನ್ನೂ ತಪ್ಪಿಸಲಿಲ್ಲ. ಕೊನೆಯ ಪರೀಕ್ಷೆಯಲ್ಲಿ ಕೆಂಪು ಕಡ್ಡಿಗಳು ಇರಲಿಲ್ಲ. ಅವತ್ತು ಮೇಡಂ ಒಪ್ಪಿಗೆ ಪಡೆದು, ನಮ್ಮೂರ ಕೆರೆಯಿಂದ ಸೀಸೆಯಲ್ಲಿ ತಂದಿದ್ದ ನೀರಿನ ಒಂದು ಹನಿಯನ್ನು ಅವಳಿಗೆ ತೋರಿಸಿದೆ. ಒಂದು ಕಣ್ಣು ಮುಚ್ಚಲು ಬಾರದೆ ಸೆರಗಿನಿಂದ ಮುಚ್ಚಿಕೊಂಡು ಬಹಳ ಹೊತ್ತು ನೋಡಿದಳು. ದೇವರ ಮಹಿಮೆ ಎನ್ನುತ್ತಾಳೆ ಎಂದು ಕಾದಿದ್ದೆ. ಅವಳು ತಲೆ ಎತ್ತಿ, ಇವು ಏನು ತಿನ್ನುತ್ತವೆ ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ನೋಡಿ ಹೇಳುತ್ತೇನೆ ಎಂದೆ.